ಕರಗಿಸೋ ಮುಂಚೆ ಆ ಒಡವೆ ಯಾವುದು ಅಂತ ನೋಡಿ

ಸಂಪಾದಕರಿಗೆ ನಮಸ್ಕಾರ,

ಚಿನ್ನ ಬೆಳ್ಳಿ ರೇಟು ಏರ್ತಾ ಹೋದ ಹಾಗೆಲ್ಲ ಹಳೇ ಒಡವೆ ಮಾರೋಕೆ ಬರೋ ಜನಾನೂ ಜಾಸ್ತಿ ಆಗ್ತಿದ್ದಾರೆ. ಪೇಪರ್ ತೆಗೆದ್ರೆ ಹಳೇ ಒಡವೆಗೆ ತಕ್ಷಣ ಕ್ಯಾಶ್ ಅನ್ನೋ ಜಾಹೀರಾತು, ಟಿವಿ ಹಾಕಿದ್ರೆ ಅದೇ. ಮಾರೋದು ತಪ್ಪು ಅಂತ ನಾನು ಹೇಳಲ್ಲ, ಮಕ್ಕಳ ಫೀಸು, ಆಸ್ಪತ್ರೆ ಖರ್ಚು, ಸಾಲ, ಒಡವೆ ಇಟ್ಕೊಳ್ಳೋದೇ ಇಂಥ ಹೊತ್ತಿಗೆ ಆಗ್ಲಿ ಅಂತ. ಆದ್ರೆ ನಮ್ಮ ಕಡೇದಲ್ಲದ, ಎಲ್ಲಿಂದ ಬಂತು ಅಂತ ಮನೆಯವರಿಗೂ ಸರಿಯಾಗಿ ಗೊತ್ತಿಲ್ಲದ ಒಡವೆಗಳು, ಅದರಲ್ಲೂ ಚೀನಾದವು, ಏನು ಎತ್ತ ಅಂತ ಯಾರೂ ನೋಡದೆ ಬರೀ ತೂಕಕ್ಕೆ ಹೋಗಿ ಕರಗ್ತಾ ಇವೆ. ನಾನು ಅಕ್ಕಸಾಲಿ ಮನೆತನದವನು, ಹಳೇ ಒಡವೆ ರಿಪೇರಿ ಮಾಡ್ಕೊಂಡೇ ಸಂಸಾರ ಸಾಗಿಸಿದವನು. ಇನ್ನೊಬ್ಬ ಕೆಲಸಗಾರ ತಿಂಗಳುಗಟ್ಟಲೆ ಕೂತು ಮಾಡಿದ್ದು ಹತ್ತು ನಿಮಿಷದಲ್ಲಿ ಮೂಸೆಗೆ ಹೋಗೋದು ನೋಡಿದ್ರೆ ಹೊಟ್ಟೆ ಉರಿಯತ್ತೆ, ಅದಕ್ಕೇ ಈ ಪತ್ರ.

ಚೀನಾ ಒಡವೆ ನಮ್ಮ ಮನೆಗಳಲ್ಲಿ ಎಲ್ಲಿಂದ ಬರಬೇಕು ಅಂತ ಕೇಳ್ಬಹುದು. ಹಡಗಿನ ಕೆಲಸಕ್ಕೆ ಹೋದೋರು ಹಾಂಗ್‌ಕಾಂಗ್, ಸಿಂಗಾಪುರದಿಂದ ತಂದಿರ್ತಾರೆ, ರಂಗೂನಿನಲ್ಲಿ ಇದ್ದು ಬಂದೋರ ಪೆಟ್ಟಿಗೇಲಿ ಇರತ್ತೆ, ಕಲ್ಕತ್ತಾದಲ್ಲಿ ನೌಕರಿ ಮಾಡಿದೋರು ಅಲ್ಲಿನ ಚೀನೀಯರ ಹತ್ರ ಕೊಂಡಿರ್ತಾರೆ. ಈಗ ಆ ಹಿರಿಯರು ಇಲ್ಲ, ಬೀರು ತೆಗೆದಾಗ ಒಂದು ರೇಷ್ಮೆ ಡಬ್ಬಿ ಸಿಗತ್ತೆ, ಅದರೊಳಗೆ ಏನೋ ಒಂದು.

ಹೋದ ವರ್ಷ ನಮ್ಮ ಬೀದಿಯ ಒಬ್ಬ ತಾಯಿ ಅಂಥ ಒಂದು ಕೈಪಟ್ಟಿ ತಂದಿದ್ರು. ಅವರ ಯಜಮಾನ್ರು ಹಡಗಿನಲ್ಲಿದ್ದೋರು, ತೀರಿಹೋಗಿದ್ದಾರೆ. ಅದನ್ನ ಮೊದ್ಲು ಒಂದು ಅಂಗಡಿಗೆ ತಗೊಂಡು ಹೋಗಿದ್ದಾರೆ, ಅಂಗಡಿಯವರು ಮೇಲಿನ ಮುಲಾಮು, ಅಂದ್ರೆ ಚಿನ್ನದ ತೆಳು ಲೇಪ, ನೋಡಿ ಚಿನ್ನ ಅಲ್ಲ ಬೆಳ್ಳಿ, ಕಲ್ಲೆಲ್ಲ ಕೀಳಿಸಿ ತನ್ನಿ, ಬೆಳ್ಳಿ ತೂಕಕ್ಕೆ ತಗೋತೀವಿ, ಬಣ್ಣ ತುಂಬಿರೋದ್ರ ತೂಕ ಕಳೀತೀವಿ ಅಂದಿದ್ದಾರೆ. ಕಲ್ಲು ಕೀಳೋಕೆ ಅಂತ ನನ್ನ ಹತ್ರ ಬಂದ್ರು. ನಾನು ಇಕ್ಕಳ ತಗೊಳ್ಳೋ ಮುಂಚೆ ಭೂತಗನ್ನಡಿ ತಗೊಂಡೆ.

ಕೆಲಸ ಹೇಗಿತ್ತು ಅಂದ್ರೆ, ಕೂದಲೆಳೆಯಷ್ಟು ಸಣ್ಣ ಬೆಳ್ಳಿ ತಂತಿ ಎರಡೆಳೆ ಹೊಸೆದು, ಅದನ್ನ ಚಪ್ಪಟೆ ಬಡಿದು, ಸುರುಳಿ ಸುರುಳಿ ಸುತ್ತಿ, ಪಕ್ಕ ಪಕ್ಕ ಬೆಸುಗೆ ಹಾಕಿ ಒಂದೊಂದು ಬಿಲ್ಲೆ ಮಾಡಿದ್ದಾರೆ. ಬೆಸುಗೆ ಎಲ್ಲೂ ಉಕ್ಕಿ ಬಂದಿಲ್ಲ, ತಂತಿ ಎಲ್ಲೂ ಕರಗಿ ಸೇರ್ಕೊಂಡಿಲ್ಲ, ಈ ಕೆಲಸ ಮಾಡಿದೋರಿಗೇ ಗೊತ್ತು ಅದು ಎಷ್ಟು ಕಷ್ಟ ಅಂತ, ಊದುಗೊಳವೆಯ ಉರಿ ಒಂದು ಕ್ಷಣ ಜಾಸ್ತಿ ಆದ್ರೆ ಇಡೀ ಬಿಲ್ಲೆ ಮುದ್ದೆ ಆಗ್ಬಿಡತ್ತೆ. ಕೆಲವು ಸುರುಳಿಗಳ ಒಳಗೆ ನೀಲಿ, ಹಸಿರು, ನೇರಳೆ ಎನಾಮಲ್, ಅಂದ್ರೆ ಮೀನಾಕಾರಿ ಬಣ್ಣ, ತುಂಬಿ, ಮೇಲೆ ಚಿನ್ನದ ಮುಲಾಮು ಕೊಟ್ಟಿದ್ದಾರೆ. ನಡುವಿನ ಬಿಲ್ಲೆಯಲ್ಲಿ ಹೂವು ಕೆತ್ತಿದ ಹಸಿರು ಕಲ್ಲು, ಆಚೀಚೆ ಚಿಟ್ಟೆ, ಅದರ ಪಕ್ಕ ಬಾವಲಿ. ನಮ್ಮಲ್ಲಿ ಬಾವಲಿ ಮನೆಯೊಳಗೆ ಬಂದ್ರೆ ಅಪಶಕುನ ಅಂತಾರೆ, ಚೀನಾದಲ್ಲಿ ಅದು ಶುಭದ ಗುರುತು, ಐದು ಬಾವಲಿ ಒಟ್ಟಿಗೆ ಬರೆದ್ರೆ ಆಯಸ್ಸು, ಐಶ್ವರ್ಯ, ಆರೋಗ್ಯ ಹೀಗೆ ಐದು ಭಾಗ್ಯ. ಅಂಗಡಿ ಹುಡುಗ ಇದನ್ನೇ ನೋಡಿ ಇದೇನಮ್ಮ ದೆವ್ವದ ಹಕ್ಕಿ ಇದೆ ಅಂದಿದ್ನಂತೆ.

ತಂತಿ ಕೆಲಸ ಕಂಡ ತಕ್ಷಣ ನಮ್ಮವರು ಒಡಿಶಾದ ಕಟಕ್‌ದು ಅಂತಾರೆ, ಇಲ್ಲ ತೆಲಂಗಾಣದ ಕರೀಂನಗರದ್ದು ಅಂತಾರೆ. ಕಟಕ್‌ನ ತಾರಕಸಿ, ಕರೀಂನಗರದ ಬೆಳ್ಳಿ ತಂತಿ ಕೆಲಸ ಎರಡೂ ಅದ್ಭುತವಾದ್ದೇ, ಆದ್ರೆ ಅಲ್ಲಿ ಬೆಳ್ಳಿಯ ಬಿಳುಪೇ ಮುಖ್ಯ, ತಂತಿ ಮಧ್ಯದ ಖಾಲಿ ಜಾಗಾನೇ ಅಂದ. ಹೀಗೆ ಸುರುಳಿ ಒಳಗೆ ಬಣ್ಣ ತುಂಬಿ, ಮೇಲೆ ಮುಲಾಮು ಕೊಟ್ಟು, ನಡುವೆ ಕೆತ್ತಿದ ಕಲ್ಲು ಕೂರಿಸೋದು ಚೀನಾದವರು ಹೊರದೇಶಕ್ಕೆ ಅಂತ ಮಾಡ್ತಿದ್ದ ಒಡವೆಯ ರೀತಿ.

ಅಸಲಿ ಸಾಕ್ಷಿ ಸಿಕ್ಕಿದ್ದು ಕೊಂಡಿಯಲ್ಲಿ. ಒಡವೆ ಯಾವತ್ತೂ ಮುಂದಿನಿಂದ ನೋಡ್ಬೇಡಿ, ಹಿಂದಿನಿಂದ ನೋಡಿ, ಕೊಂಡಿ ತೆಗೆದು ನೋಡಿ, ಉಂಗುರ ಆದ್ರೆ ಒಳಗಡೆ ನೋಡಿ. ಈ ಪಟ್ಟಿಯ ಕೊಂಡಿ ಒಂದು ಸಣ್ಣ ಪೆಟ್ಟಿಗೆ ಥರ, ಅದರೊಳಗೆ ನಾಲಿಗೆ ಹೋಗಿ ಕೂರತ್ತೆ, ಆ ನಾಲಿಗೆ ಮೇಲೆ ಅಕ್ಕಿ ಕಾಳಿಗಿಂತ ಸಣ್ಣ ಅಚ್ಚಿನಲ್ಲಿ ಇಂಗ್ಲಿಷಲ್ಲಿ ಸಿಲ್ವರ್ ಅಂತ, ಅದರ ಕೆಳಗೆ ಮೇಡ್ ಇನ್ ಚೈನಾ ಅಂತ. ಇದನ್ನ ನೋಡಿದ ತಕ್ಷಣ ಆ ತಾಯಿಯ ಮುಖ ಬಾಡಿಹೋಯ್ತು. ಮೇಡ್ ಇನ್ ಚೈನಾ ಅಂದ್ರೆ ಇವತ್ತು ನಮಗೆ ಪ್ಲಾಸ್ಟಿಕ್ ಆಟಿಕೆ, ಬೇಗ ಕೆಟ್ಟುಹೋಗೋ ಚಾರ್ಜರ್ ನೆನಪಾಗತ್ತೆ. ಒಡವೆಯಲ್ಲಿ ಅದರ ಅರ್ಥ ಬೇರೆ. ಅಮೆರಿಕದಲ್ಲಿ 1890ರಲ್ಲಿ ಮೆಕಿನ್ಲಿ ಅನ್ನೋ ರಾಜಕಾರಣಿಯ ಹೆಸರಿನ ಸುಂಕದ ಕಾನೂನು ಬಂತು, ಹೊರಗಿಂದ ಬರೋ ಸಾಮಾನಿನ ಮೇಲೆ ಅದು ಯಾವ ದೇಶದ್ದು ಅಂತ ಇಂಗ್ಲಿಷಲ್ಲಿ ಬರೀಲೇಬೇಕು ಅಂತ, 1891ರಿಂದ ಅದು ಜಾರಿಗೆ ಬಂತು. ಹಾಗಾಗಿ ಬರೀ ಚೈನಾ ಅಂತ ಮುದ್ರೆ ಇದ್ರೆ ಸಾಮಾನ್ಯವಾಗಿ ಅದಾದ ಮೇಲಿನದ್ದು, ಮೇಡ್ ಇನ್ ಅನ್ನೋದು ಸೇರ್ಕೊಂಡಿದ್ರೆ ಹೆಚ್ಚಾಗಿ 1920ರ ಈಚೆಗಿನದ್ದು ಅಂತ ಲೆಕ್ಕ ಹಾಕ್ತಾರೆ. ಇನ್ನೊಂದು ಕಡೆ, ಕೊರಿಯಾ ಯುದ್ಧದ ಹೊತ್ತಲ್ಲಿ, 1950ರ ಕೊನೆಗೆ, ಅಮೆರಿಕ ಚೀನಾದ ಜೊತೆ ವ್ಯಾಪಾರವನ್ನೇ ನಿಲ್ಲಿಸ್ತು, ಅದು ಸಡಿಲ ಆಗಿದ್ದು 1971ರಲ್ಲಿ. ಅಂದ್ರೆ ಅಮೆರಿಕದ ಗಿರಾಕಿಗೆ ಅಂತ ಮಾಡಿದ ಇಂಥ ಮಾಲು ಒಂದೋ 1950ಕ್ಕೆ ಮುಂಚಿನದ್ದು, ಇಲ್ಲಾಂದ್ರೆ ಎಪ್ಪತ್ತರ ದಶಕದ ಈಚೆಗಿನದ್ದು. ಕೊಂಡಿಯ ಸವಕಲು, ಎನಾಮಲ್ ಗುಣ, ತಂತಿಯ ನಯ ನೋಡಿದ್ರೆ ಈ ಪಟ್ಟಿ ಮೊದಲಿನ ಗುಂಪಿಗೇ ಸೇರ್ತಿತ್ತು, 20ರಿಂದ 40ರ ದಶಕದ ನಡುವಿಂದು.

ಮುದ್ರೆ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ, ಇದೂ ಹೇಳಬೇಕು. ಚೀನಾದವರು ತಮ್ಮವರಿಗೇ ಅಂತ ಮಾಡಿದ್ದರಲ್ಲಿ ಇಂಗ್ಲಿಷ್ ಇರಲ್ಲ, ಒಂದು ಸಣ್ಣ ಚೌಕದಲ್ಲಿ ಚೀನೀ ಅಕ್ಷರ ಇರತ್ತೆ, ಅಂಗಡಿ ಹೆಸರೋ ಶುದ್ಧ ಬೆಳ್ಳಿ ಅನ್ನೋ ಗುರುತೋ. ಮೊಬೈಲಲ್ಲಿ ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ಫೋಟೋ ತೆಗೀರಿ, ಅಕ್ಷರ ಎದ್ದು ಕಾಣತ್ತೆ, ನಾಲ್ಕೂ ಕಡೆ ತಿರುಗಿಸಿ ತೆಗೀರಿ ಯಾಕಂದ್ರೆ ತಲೆಕೆಳಗಾದ್ರೆ ಓದೋಕೆ ಬರೋರೂ ತಡವರಿಸ್ತಾರೆ. ಕೆಲವದರ ಮೇಲೆ 90 ಅಂತ ಅಂಕಿ ಇರತ್ತೆ, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ ಅಂತ. ನಮ್ಮವರು 92.5 ಇಲ್ಲ ಅಂತ ಅದನ್ನ ಕೀಳಾಗಿ ನೋಡ್ತಾರೆ, ಆದ್ರೆ ಚೀನಾದ ಕ್ಯಾಂಟನ್ (ಈಗಿನ ಗುವಾಂಗ್ಝೌ), ಹಾಂಗ್‌ಕಾಂಗ್‌ನಲ್ಲಿ ವ್ಯಾಪಾರ ಮಾಡ್ತಿದ್ದ ವಾಂಗ್ ಹಿಂಗ್ ಅನ್ನೋ ಹೆಸರಾಂತ ಅಂಗಡಿಯ ಮಾಲಿನ ಮೇಲೂ ಅದೇ 90 ಇರತ್ತೆ, ಜೊತೆಗೆ ಡಬ್ಲ್ಯೂ ಎಚ್ ಅನ್ನೋ ಎರಡು ಅಕ್ಷರ. ಅಂಥದ್ದು ಕೈಗೆ ಬಂದು ಅದನ್ನ ಕರಗಿಸಿದ್ರೆ ಏನು ಹೇಳೋದು.

ಇನ್ನು ಹಸಿರು ಕಲ್ಲು. ಚೀನಾ ಒಡವೆಯಲ್ಲಿ ಹಸಿರು ಕಂಡ್ರೆ ಜೇಡ್ ಅಂತ ಮಾರೋರೂ ಹೇಳ್ತಾರೆ, ಕೊಳ್ಳೋರೂ ಹೇಳ್ತಾರೆ. ಜೇಡ್ ಅಂತ ಕರೆಯೋದು ಎರಡು ಬೇರೆ ಬೇರೆ ಕಲ್ಲನ್ನ, ಒಂದು ನೆಫ್ರೈಟ್, ಚೀನಾದವರು ಸಾವಿರಾರು ವರ್ಷದಿಂದ ಕೆತ್ತಿದ್ದು ಅದನ್ನೇ, ಹೆಸರಾಂತ ಮಾಲು ಷಿನ್‌ಜಿಯಾಂಗ್‌ನ ಖೋತಾನ್ ಕಡೆಯಿಂದ ಬರೋದು. ಇನ್ನೊಂದು ಜೇಡೈಟ್, ಅದು ಬರ್ಮಾದ ಕಾಚಿನ್ ಗುಡ್ಡಗಳಿಂದ, ಚೀನಾಕ್ಕೆ ಅದು ರಾಶಿ ರಾಶಿ ಹೋಗೋಕೆ ಶುರು ಆಗಿದ್ದು 18ನೇ ಶತಮಾನದಲ್ಲಿ. ಎರಡೂ ಬೇರೆ ಅಂತ 1863ರಲ್ಲಿ ಫ್ರಾನ್ಸಿನ ಡಮೂರ್ ಅನ್ನೋ ಖನಿಜ ವಿಜ್ಞಾನಿ ತೋರಿಸಿಕೊಟ್ಟ ಮೇಲೇನೇ ಹೊರಗಿನ ಜಗತ್ತಿಗೆ ಗೊತ್ತಾಗಿದ್ದು. ಒಳ್ಳೇ ಜೇಡೈಟಿಗೆ ಬೆಲೆ ಎಷ್ಟು ಅಂದ್ರೆ, ಬಾರ್ಬರಾ ಹಟನ್ ಅನ್ನೋ ಅಮೆರಿಕದ ಶ್ರೀಮಂತ ಹೆಣ್ಣುಮಗಳ 27 ಮಣಿಗಳ ಒಂದು ಹಾರ 2014ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ 2 ಕೋಟಿ 70 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯ್ತು. ನಮ್ಮ ನಿಮ್ಮ ಮನೆ ಕಲ್ಲು ಅಂಥದ್ದು ಅಂತ ಆಸೆ ಹುಟ್ಟಿಸ್ತಿಲ್ಲ, ಹೆಚ್ಚಿನವು ಅಲ್ಲ. ಸರ್ಪೆಂಟೈನ್ ಅನ್ನೋ ಮೆತ್ತನೆ ಕಲ್ಲು, ಬಣ್ಣ ಹಾಕಿದ ಕ್ವಾರ್ಟ್ಜ್, ಗಾಜು, ಎಲ್ಲಾನೂ ಜೇಡ್ ಹೆಸರಲ್ಲಿ ಓಡಾಡತ್ತೆ. ನಮ್ಮ ಮೈಸೂರು ಸೀಮೆಯಲ್ಲಿ ಸಿಗೋ ಅವೆಂಚುರಿನ್ ಕಲ್ಲನ್ನೂ ಇಂಡಿಯನ್ ಜೇಡ್ ಅಂತ ಮಾರೋರಿದ್ದಾರೆ, ಅದು ಜೇಡ್ ಅಲ್ಲವೇ ಅಲ್ಲ.

ಮನೇಲಿ ಎಷ್ಟು ನೋಡ್ಬಹುದೋ ಅಷ್ಟು ನೋಡಿ. ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿಯಲ್ಲಿ ಒಳಗೆ ದುಂಡಗಿನ ಗುಳ್ಳೆ ಕಂಡ್ರೆ ಗಾಜು, ಬಿರುಕುಗಳಲ್ಲಿ ಬಣ್ಣ ಗೆರೆ ಗೆರೆಯಾಗಿ ನಿಂತಿದ್ರೆ ಬಣ್ಣ ಹಾಕಿದ್ದು. ಕೆತ್ತನೆಯ ಅಂಚು ನೋಡಿ, ಜೇಡ್ ಗಟ್ಟಿ ಕಲ್ಲು, ಎಷ್ಟು ವರ್ಷ ಆದ್ರೂ ಹೂವಿನ ಎಸಳಿನ ಅಂಚು ಚೂಪಾಗೇ ಇರತ್ತೆ, ಮೆತ್ತನೆ ಕಲ್ಲಿನಲ್ಲಿ ಅದು ಸವೆದು ದುಂಡಗಾಗಿರತ್ತೆ. ಆದ್ರೆ ಸೂಜಿ ಕಾಯಿಸಿ ಚುಚ್ಚೋದು, ಚಾಕುವಿನಿಂದ ಗೀಚೋದು ದಯವಿಟ್ಟು ಬೇಡ, ವಿಡಿಯೋ ನೋಡಿ ಹಾಗೆ ಮಾಡಿ ಒಡವೆ ಹಾಳು ಮಾಡ್ಕೊಂಡು ನನ್ನ ಹತ್ರ ತಂದೋರಿದ್ದಾರೆ, ಗೀಚಿದ್ರೆ ಕ್ವಾರ್ಟ್ಜ್ ಕೂಡ ಪಾಸಾಗತ್ತೆ, ಹಾಗಾಗಿ ಅದರಿಂದ ಏನೂ ಗೊತ್ತಾಗಲ್ಲ, ಗೀರು ಮಾತ್ರ ಉಳಿಯತ್ತೆ. ಜೇಡೈಟನ್ನ ಆಸಿಡ್ಡಲ್ಲಿ ತೊಳೆದು ಒಳಗೆ ರಾಳ ತುಂಬಿ ಹೊಳಪು ಬರಿಸ್ತಾರೆ, ಅದನ್ನಂತೂ ಲ್ಯಾಬಿನ ಮೆಷಿನ್ ಇಲ್ಲದೆ ಗಟ್ಟಿಯಾಗಿ ಹೇಳೋಕಾಗಲ್ಲ. ಜೈಪುರದಲ್ಲಿ 1972ರಿಂದ ಜೆಮ್ ಟೆಸ್ಟಿಂಗ್ ಲ್ಯಾಬ್ ಇದೆ, ಬೇರೆ ಊರುಗಳಲ್ಲೂ ಇವೆ, ಕಲ್ಲು ಕೀಳದೆ ಒಡವೆಯಲ್ಲಿ ಇದ್ದ ಹಾಗೇ ಬೆಳಕು ಬಾಗೋದನ್ನ ಅಳೆದು ಹೇಳ್ತಾರೆ. ಜೇಡೈಟ್ 1.66ರ ಆಸುಪಾಸು, ನೆಫ್ರೈಟ್ 1.61ರ ಆಸುಪಾಸು, ಸರ್ಪೆಂಟೈನ್ ಅದಕ್ಕಿಂತ ಕಡಿಮೆ.

ಆ ತಾಯಿಯ ಪಟ್ಟಿಯ ಕಲ್ಲು ಕೊನೆಗೆ ಸರ್ಪೆಂಟೈನ್ ಅಂತ ರಿಪೋರ್ಟ್ ಬಂತು. ಕೆತ್ತನೆ ಅಂಚು ಸವೆದಿದ್ದು ನೋಡಿ ನನಗೆ ಅನುಮಾನ ಇತ್ತು. ಆದ್ರೂ ಪಟ್ಟಿಗೆ ಬೆಲೆ ಬಂತು, ಹಳೇ ಚೀನೀ ಬೆಳ್ಳಿ ಕೆಲಸ ಸಂಗ್ರಹ ಮಾಡೋರೊಬ್ಬರು ಅಂಗಡಿ ಹೇಳಿದ್ದರ ಹಲವು ಪಟ್ಟು ಕೊಟ್ಟು ತಗೊಂಡ್ರು, ಅವರು ಕಲ್ಲಿಗೆ ಕೊಟ್ಟಿದ್ದಲ್ಲ, ತಂತಿ ಕೆಲಸಕ್ಕೆ, ಮುಕ್ಕಾಗದ ಎನಾಮಲ್ಲಿಗೆ, ಆ ಕೊಂಡಿಯ ಮುದ್ರೆಗೆ ಕೊಟ್ಟಿದ್ದು. ಕಲ್ಲು ಕಿತ್ತು ಕೊಟ್ಟಿದ್ರೆ ಇದ್ಯಾವುದೂ ಉಳೀತಿರಲಿಲ್ಲ.

ತೊಳೆಯೋದರ ಬಗ್ಗೆ ಒಂದು ಮಾತು ಜೋರಾಗೇ ಹೇಳ್ತೀನಿ. ನಮ್ಮ ಮನೆಗಳಲ್ಲಿ ಬೆಳ್ಳಿ ಅಂದ ತಕ್ಷಣ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜೋದು ಅಭ್ಯಾಸ, ದೀಪಕ್ಕೆ ತಟ್ಟೆಗೆ ಅದು ನಡೆಯತ್ತೆ. ಮುಲಾಮು ಅನ್ನೋದು ಬಹಳ ತೆಳು ಪದರ, ಉಜ್ಜಿದ್ರೆ ಎರಡೇ ಸಲಕ್ಕೆ ಹೋಗ್ಬಿಡತ್ತೆ, ಎನಾಮಲ್ ಬಿಟ್ಕೊಳ್ಳತ್ತೆ. ಅದಕ್ಕಿಂತ ದೊಡ್ಡ ಅಪಾಯ ಗರಿ ಒಡವೆಗೆ. ಚೀನಾದಲ್ಲಿ ಮಿಂಚುಳ್ಳಿ ಹಕ್ಕಿಯ ಗರಿಯನ್ನ ಸಣ್ಣ ಸಣ್ಣದಾಗಿ ಕತ್ತರಿಸಿ, ಮುಲಾಮು ಮಾಡಿದ ಬೆಳ್ಳಿ ಇಲ್ಲ ತಾಮ್ರದ ಮನೆಗಳೊಳಗೆ ಅಂಟಿಸಿ ತಲೆಗೆ ಮುಡಿಯೋ ಪಿನ್ನು, ಕಿರೀಟ, ಓಲೆ ಮಾಡ್ತಿದ್ರು. ದೂರದಿಂದ ನೋಡಿದ್ರೆ ನೀಲಿ ಮೀನಾಕಾರಿ ಅಂತಾನೇ ಅನ್ಸೋದು. ಭೂತಗನ್ನಡಿ ಇಟ್ರೆ ಮಾತ್ರ ಗರಿಯ ಸಣ್ಣ ಸಣ್ಣ ಎಳೆ ಸಾಲಾಗಿ ಕಾಣತ್ತೆ, ಒಡವೆ ಸ್ವಲ್ಪ ಆಚೀಚೆ ತಿರುಗಿಸಿದ್ರೆ ನೀಲಿ ಬದಲಾಗತ್ತೆ. ಆ ನೀಲಿ ಬಣ್ಣದ ಪುಡಿಯಿಂದ ಬಂದಿದ್ದಲ್ಲ, ಗರಿಯ ಒಳಗಿನ ರಚನೆಗೆ ಬೆಳಕು ಬಿದ್ದು ಬರೋದು, ಅದಕ್ಕೇ ನೂರಾರು ವರ್ಷ ಆದ್ರೂ ಮಾಸಲ್ಲ. ಆದ್ರೆ ನೀರು ಬಿದ್ರೆ ಅಂಟು ಬಿಡತ್ತೆ, ಹುಳ ತಿನ್ನತ್ತೆ, ಬ್ರಷ್ ಹಾಕಿದ್ರೆ ಎಳೆ ಎದ್ದು ಬರತ್ತೆ. ಗರಿಗೋಸ್ಕರ ಕಾಂಬೋಡಿಯಾ ಕಡೆಯಿಂದೆಲ್ಲ ಹಕ್ಕಿ ಹಿಡಿದು ತರ್ತಿದ್ರು, ಹಕ್ಕಿಗಳಿಗೆ ಅದು ದೊಡ್ಡ ಹಿಂಸೆ, ಕ್ಯಾಂಟನ್‌ನ ಕೊನೇ ಕಾರ್ಖಾನೆ 1933ರಲ್ಲಿ ಮುಚ್ಚಿತು ಅಂತಾರೆ. ನಮ್ಮ ಕೆರೆ ಏರಿ ಮೇಲೆ ಕೂರೋ ಮಿಂಚುಳ್ಳಿಗೂ ಈ ಒಡವೆಗೂ ಸಂಬಂಧ ಇದೆ ಅಂತ ನಮ್ಮ ಅಂಗಡಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಅಲ್ಟ್ರಾಸೋನಿಕ್ ಡಬ್ಬಿಯೊಳಗೆ ಹಾಕಿ ಕ್ಲೀನ್ ಮಾಡಿ ಕೊಡ್ತೀವಿ ಅಂತಾರೆ, ಹಾಕಿದ್ರೆ ಗರಿ ನೀರಲ್ಲಿ ತೇಲತ್ತೆ.

ಮನೆ ಕಥೆಗಳನ್ನ ಬರೆದಿಡಿ, ಯಾರು ತಂದ್ರು, ಯಾವ ಊರಿಂದ, ಹಳೇ ಫೋಟೋದಲ್ಲಿ ಯಾರ ಕೈಲಿದೆ, ರಸೀದಿ, ಡಬ್ಬಿ ಯಾವುದೂ ಬಿಸಾಡಬೇಡಿ. ಕಥೆಯನ್ನೇ ಪ್ರಮಾಣ ಅಂತ ಮಾತ್ರ ಹಿಡೀಬೇಡಿ, ಪ್ರತಿ ಮನೇಲೂ ಅದು ಅರಮನೆಯದ್ದು, ರಾಣಿ ಕೊಟ್ಟಿದ್ದು ಅಂತಾನೇ ಹೇಳ್ತಾರೆ. ಐದು ಉಗುರಿನ ಡ್ರ್ಯಾಗನ್ ಇದೆ ಅಂದ ಮಾತ್ರಕ್ಕೆ ಚಕ್ರವರ್ತಿದು ಆಗಲ್ಲ, ಆಮೇಲಿನ ಕಾಲದಲ್ಲಿ ಅದನ್ನ ಯಾರು ಬೇಕಾದ್ರೂ ಬರೆದಿದ್ದಾರೆ. ಹೋಲಿಸಿ ನೋಡೋಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತಮ್ಮ ಸಂಗ್ರಹದ ಫೋಟೋಗಳನ್ನ ಇಂಟರ್‌ನೆಟ್‌ನಲ್ಲಿ ಬಿಟ್ಟಿಯಾಗಿ ಇಟ್ಟಿವೆ. ಹತ್ತಿರದಲ್ಲಿ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಇದೆ, ಅಲ್ಲಿ ಚೀನಾದ ವಸ್ತುಗಳೂ ಇವೆ, ಮೊಗಲರ ಕಾಲದ ಜೇಡ್ ಕೆಲಸಾನೂ ಇದೆ. ಮೊಗಲರ ಜೇಡ್ ನೋಡಿ ಚೀನಾದ ಕಿಯಾನ್‌ಲಾಂಗ್ ಚಕ್ರವರ್ತಿಯೇ ಮರುಳಾಗಿ ಅದನ್ನ ಸಂಗ್ರಹಿಸ್ತಿದ್ದ, ಅದರ ಮೇಲೆ ಪದ್ಯ ಬರೀತಿದ್ದ, ನಮ್ಮ ದೇಶದ ಕೆಲಸಗಾರರಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಾ.

ಕಾನೂನೂ ಒಂದಿಷ್ಟು ತಿಳ್ಕೊಳ್ಳಿ. ದಂತ ಇರೋ ಒಡವೆ ಮಾರೋದು ನಮ್ಮ ದೇಶದಲ್ಲಿ ಅಪರಾಧ, ಅಜ್ಜಿ ಕಾಲದ್ದು ಅಂದ್ರೂ ಬಿಡಲ್ಲ. ದಂತದಲ್ಲಿ ಅಡ್ಡಡ್ಡ ಒಂದಕ್ಕೊಂದು ಹಾಯೋ ಗೆರೆ ಕಾಣತ್ತೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ, ಅನುಮಾನ ಇದ್ರೆ, ಗರಿ ಒಡವೆ ಇದ್ರೂ, ಅರಣ್ಯ ಇಲಾಖೆಯನ್ನ ಕೇಳಿ ಮುಂದುವರೀರಿ. ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯ ಕೆಳಗೆ ಬರತ್ತೆ, ಅದನ್ನ ನಾವು ನೀವು ಹೊರದೇಶಕ್ಕೆ ಕಳಿಸೋ ಹಾಗಿಲ್ಲ, ಆನ್‌ಲೈನಲ್ಲಿ ಫಾರಿನ್ ಗಿರಾಕಿ ಸಿಕ್ಕಿದ ಅಂತ ಪಾರ್ಸಲ್ ಮಾಡಿದ್ರೆ ಕಸ್ಟಮ್ಸ್‌ನಲ್ಲಿ ಸಿಕ್ಕಿ ಬೀಳ್ತೀರಿ. ಅಷ್ಟು ಹಳೇದಲ್ಲ ಅಂತಾದ್ರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪ್ರಾಚ್ಯವಸ್ತು ಅಲ್ಲ ಅನ್ನೋ ಪ್ರಮಾಣಪತ್ರ ತಗೋಬಹುದು.

ಈಗ ನನ್ನ ಕೋರಿಕೆ. ಹಳೇ ಒಡವೆ ಕೊಳ್ಳೋ ಅಂಗಡಿಯವರು ಗಿರಾಕಿ ಒಪ್ಪೋ ತನಕ ಕಲ್ಲು ಕೀಳಬಾರದು, ಅರ ಹಾಕಿ ಉಜ್ಜಬಾರದು, ಒರೆಗಲ್ಲಿಗೆ ಹಚ್ಚಬಾರದು. ಎಕ್ಸ್‌ಆರ್‌ಎಫ್ ಅನ್ನೋ ಲೋಹ ಪರೀಕ್ಷಿಸೋ ಎಕ್ಸ್-ರೇ ಮೆಷಿನ್ನಲ್ಲಿ ಇಟ್ರೆ ಅದು ಮೇಲ್ಪದರ ಮಾತ್ರ ಓದೋದು, ಮುಲಾಮಿನ ಒಡವೆಯಲ್ಲಿ ಒಂದು ಕಡೆ ಚಿನ್ನ ಅನ್ನತ್ತೆ, ಸವೆದ ಕಡೆ ಬೆಳ್ಳಿ ಅನ್ನತ್ತೆ, ಹಾಗಾಗಿ ನಾಲ್ಕಾರು ಕಡೆ ಇಟ್ಟು ರೀಡಿಂಗ್ ಅನ್ನ ಗಿರಾಕಿಗೆ ತೋರಿಸಬೇಕು, ಪ್ರಿಂಟ್ ಕೊಡಬೇಕು. ಮಾರೋರೂ ಅಷ್ಟೆ, ಒಂದೇ ಅಂಗಡಿಯ ಮಾತು ಕೇಳಿ ಅವತ್ತೇ ಕೊಟ್ಟು ಬರಬೇಡಿ, ಮುಂದೆ ಹಿಂದೆ ಕೊಂಡಿ ಮುದ್ರೆ ಎಲ್ಲದರ ಫೋಟೋ, ಗ್ರಾಂ ಲೆಕ್ಕದಲ್ಲಿ ತೂಕ, ಮಿಲಿಮೀಟರ್ ಲೆಕ್ಕದಲ್ಲಿ ಅಳತೆ ಬರೆದಿಟ್ಕೊಂಡು ಇಬ್ಬರು ಮೂವರಿಗೆ ತೋರಿಸಿ. ಇದು ಏನು ಅಂತ ಹೇಳೋರೂ ಇದನ್ನ ಕೊಳ್ಳೋರೂ ಒಬ್ಬರೇ ಆಗಿರಬಾರದು, ನನ್ನ ಅನುಭವದಲ್ಲಿ ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಬೇರೆ ಇಲ್ಲ.

ಮೈಸೂರಿನಲ್ಲೇ ಕಚೇರಿ ಇರೋ ನಮ್ಮ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ಳೋದು ಇಷ್ಟೇ. ತಿಂಗಳಿಗೆ ಒಂದು ದಿನ ಜಿಲ್ಲಾ ಸಂಗ್ರಹಾಲಯಗಳಲ್ಲಿ ಜನ ತಮ್ಮ ಮನೆಯ ಹಳೇ ವಸ್ತು ತಂದು ಇದು ಯಾವುದು, ಎಲ್ಲಿಯದು, ಯಾವ ಕಾಲದ್ದು ಅಂತ ಕೇಳೋ ವ್ಯವಸ್ಥೆ ಮಾಡಿ. ಬೆಲೆ ಹೇಳೋದು ಬೇಡ, ಗುರುತು ಹೇಳಿದ್ರೆ ಸಾಕು. ಒಬ್ಬ ರತ್ನ ಪರೀಕ್ಷಕರು, ಒಬ್ಬ ಹಳೇ ಕೆಲಸ ಬಲ್ಲ ಅಕ್ಕಸಾಲಿ, ಇಲಾಖೆಯ ಒಬ್ಬ ಅಧಿಕಾರಿ ಕೂತ್ರೆ ಆಯ್ತು, ನನ್ನಂಥೋರು ಸಂಬಳ ಕೇಳದೆ ಬಂದು ಕೂರ್ತೀವಿ. ಚೀನಾದ ಅಕ್ಷರ ಓದೋಕೆ ಆ ಭಾಷೆ ಕಲಿಸೋ ಯೂನಿವರ್ಸಿಟಿಯವರ ಸಹಾಯ ತಗೊಳ್ಳಿ. ಇಲಾಖೆಯವರು ಒಪ್ಪಿದ್ರೆ ದಿನ, ಜಾಗ ನಿಮ್ಮ ಪತ್ರಿಕೆಯಲ್ಲೇ ಹಾಕಿ, ಎಲ್ಲಕ್ಕಿಂತ ಮೊದಲು ಮೈಸೂರಿನಲ್ಲಿ ಶುರು ಮಾಡಿ.

ಇತಿ,
ಒಬ್ಬ ಅಕ್ಕಸಾಲಿ ಓದುಗ, ಮೈಸೂರು